ಹಸಿದ ನೀರು

ಅಮೃತಪ್ಪನಿಗೆ ನೀರಿನ ಕನಸು ಬೀಳುವುದು ಹೊಸದೇನಲ್ಲ. ಮೂವತ್ತಮೂರು ವರ್ಷ ಕಾರ್ಖಾನೆಯ ಬಾಯ್ಲರುಗಳಿಗೆ ನೀರು ಹದ ಮಾಡಿ ಕೊಟ್ಟವನಿಗೆ ಬೇರೆ ಯಾವ ಕನಸು ಬಿದ್ದೀತು? ಆದರೆ ಹಿಂದೆಲ್ಲ ಕನಸಿನ ನೀರು ಕೊಳವೆಗಳೊಳಗೆ ಓಡುತ್ತಿತ್ತು, ಉಗಿಯಾಗಿ ಸಿಳ್ಳೆ ಹಾಕುತ್ತಿತ್ತು, ಒಮ್ಮೊಮ್ಮೆ ಅವನನ್ನು ಬೈಯುತ್ತಲೂ ಇತ್ತು. ಆ ಬೇಸಗೆಯ ಕನಸಿನಲ್ಲಿ ಅದು ಬಯಲಿನಲ್ಲಿ ಸುಮ್ಮನೆ ಬಿದ್ದುಕೊಂಡಿರುತ್ತಿತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲೋ ಆಚೆ ಯಾರೋ ಈಜುತ್ತಿರುವ ಸಪ್ಪಳ. ಯಾರೆಂದು ನೋಡಲು ಅವನು ಬಗ್ಗುವಷ್ಟರಲ್ಲಿ ಆರು ಗಂಟೆಯ ಸೈರನ್ ಕೂಗಿಬಿಡುತ್ತಿತ್ತು.

ಎದ್ದು ಮುಖ ತೊಳೆದು, ಚಹಾ ಸಹ ಕುಡಿಯದೆ ಅವನು ಕಾಲೋನಿಯ ಕ್ಲಬ್ಬಿನ ಹಿಂದಿದ್ದ ಹೊಸ ಈಜುಕೊಳಕ್ಕೆ ನಡೆಯುತ್ತಿದ್ದ. ಅಲ್ಲಿ ನಾಲ್ಕು ಲಕ್ಷ ಲೀಟರು ನೀರು ನೀರುಮಜ್ಜಿಗೆಯ ಹಾಗೆ ಬೆಳ್ಳಗೆ ನಿಂತಿರುತ್ತಿತ್ತು.

ಇದು ೧೯೮೬ರ ಜೂನ್ ತಿಂಗಳ ಮಾತು. ಮಿಯಾಪುರದ ಆಚೆ, ಇನ್ನೂ ಹೊಲ ಮತ್ತು ಬಂಡೆಗಳೇ ಇದ್ದ ಕಡೆ, ಕೇಂದ್ರ ಸರಕಾರದ ಒಂದು ಕಾರ್ಖಾನೆ ಮತ್ತು ಅದರ ಕಾಲೋನಿ. ಅಲ್ಲಿ ಕನ್ನಡ ಮಾತಾಡುವ ಮನೆಗಳು ನಲವತ್ತರ ಮೇಲಿದ್ದವು. ಬೀದಿಯಲ್ಲಿ ತೆಲುಗು, ಕಾರ್ಖಾನೆಯೊಳಗೆ ಹಿಂದಿ, ಜಗಳಕ್ಕೆ ಮಾತ್ರ ಮನೆಮಾತು ಎಂದು ಹಂಚಿಕೊಂಡು ಬದುಕಿದವರು ಅವರು. ಅಮೃತಪ್ಪ ಕಲಬುರ್ಗಿ ಕಡೆಯವನು. ಬಾಯ್ಲರಿನ ನೀರಿನ ಪ್ರಯೋಗಾಲಯಕ್ಕೆ ಅವನೇ ಹಿರಿಯ. ಅವನ ಕೈಯಲ್ಲಿ ಒಂದು ಬಾಯ್ಲರೂ ಕೆಟ್ಟದ್ದಿಲ್ಲ ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೆ ಸ್ವಲ್ಪ ಜಂಬವೂ ಇತ್ತೆಂದು ಹೇಳಿದರೆ ಸುಳ್ಳಾಗದು. ಜೂನ್ ಮೂವತ್ತಕ್ಕೆ ಅವನ ನಿವೃತ್ತಿ. ಶಹರಿನೊಳಗೆ ಮೆಹದಿಪಟ್ಟಣಂನಲ್ಲಿ ಎರಡನೆಯ ಮಾಳಿಗೆಯ ಬಾಡಿಗೆ ಮನೆ ಗೊತ್ತಾಗಿತ್ತು. ಅಲ್ಲಿ ನಳದಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದಂತೆ. ಕಾಲೋನಿಯ ಪಾಸು ಮುಗಿದ ಮೇಲೆ ಈ ಕ್ಲಬ್ಬಿನ ಬಾಗಿಲು ಗಂಡಹೆಂಡಿರಿಬ್ಬರಿಗೂ ಮುಚ್ಚಿದ ಹಾಗೆಯೇ.

ಅದಕ್ಕೇ ಈ ಅವಸರ. ಅವಸರ ತನಗಾಗಿಯಲ್ಲ, ಹೆಂಡತಿ ಅಂಬವ್ವನಿಗಾಗಿ.

ಅಂಬವ್ವ ಭೀಮಾ ದಂಡೆಯ ಸನ್ನತಿಯವಳು. ಹದಿನಾರನೆಯ ವಯಸ್ಸಿನವರೆಗೆ ಹೊಳೆಯಲ್ಲೇ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಕೊಡದ ನೀರು, ಬಕೆಟ್ಟಿನ ನೀರು, ಟ್ಯಾಂಕರಿನ ನೀರು ಕಂಡಳೇ ಹೊರತು ಮೈ ಚಾಚುವಷ್ಟು ನೀರು ಕಾಣಲಿಲ್ಲ. ಒಮ್ಮೆಯೂ ಅದನ್ನು ಬಾಯಿಬಿಟ್ಟು ಅಂದವಳಲ್ಲ. ಆದರೆ ಕ್ಲಬ್ಬಿನ ಹಿಂದೆ ಕೊಳಕ್ಕೆಂದು ನೆಲ ಅಗೆಯತೊಡಗಿದ ದಿನದಿಂದ ಅವಳ ಸಂಜೆಯ ವಾಯುವಿಹಾರ ಆ ಗುಂಡಿಯ ಅಂಚಿಗೆ ಬಂದು ನಿಲ್ಲುತ್ತಿತ್ತು.

"ಇದರಾಗ ಹೆಣ್ಣಮಕ್ಕಳನ್ನೂ ಬಿಡ್ತಾರೇನ್ರಿ?" ಎಂದು ಅವಳು ಒಮ್ಮೆ ಕೇಳಿದಳು.

"ಯಾಕ ಬಿಡೂದಿಲ್ಲ? ಹೆಣ್ಣಮಕ್ಕಳಿಗಂತ ಬ್ಯಾರೆ ಟೈಮ್ ಇಟ್ಟಾರ. ಮೊದಲನೇ ದಿನ, ಮೊದಲ ನೀನ ಇಳೀಬೇಕು. ನಾ ನೀರು ಹದಾ ಮಾಡಿ ಕೊಡ್ತೀನಿ."

ಮರುದಿನ ಅಂಬವ್ವ ಟ್ರಂಕಿನಿಂದ ಒಂದು ಹಳೆಯ ಇಳಕಲ್ ಸೀರೆ ತೆಗೆದು, ಒಗೆದು, ಕಿಟಕಿಯ ಸರಳಿಗೆ ಹರವಿದಳು. ಕಚ್ಚೆ ಹಾಕಿ ಈಜಲು ಬರುವಷ್ಟು ಮೆತ್ತಗಾದ ಸೀರೆ. ಅದನ್ನು ನೋಡಿದ ಮೇಲೆ ಅಮೃತಪ್ಪನಿಗೆ ಮಾತು ಹಿಂತೆಗೆದುಕೊಳ್ಳುವ ದಾರಿ ಉಳಿಯಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಬಸವರಾಜ, ಬೀದರಿನ ಹುಡುಗ, ಈಗ ದೊಡ್ಡ ಇಂಜಿನಿಯರು. ಕೊಳ ಕಟ್ಟಿ ಮುಗಿದು ಬಿಳಿ ಸಿಮೆಂಟಿನ ಗಿಲಾವು ಆರಿದಾಗ ಅವನು ಅಮೃತಪ್ಪನನ್ನೇ ಕರೆದ. ಈಚೆಯ ತುದಿಯಲ್ಲಿ ಮೂರಡಿ, ಆಚೆಯ ತುದಿಯಲ್ಲಿ ಎಂಟಡಿ ಆಳದ ಕೊಳ. ತಳ ಇಳಿಜಾರು.

"ಬೋರಿನ ನೀರು ಬಿಡೂಣೇನ್ರಿ ಕಾಕಾ?" ಎಂದು ಬಸವರಾಜ ಕೇಳಿದ.

ಅಮೃತಪ್ಪ ಬಾಯಲ್ಲಿ ಬೇವು ಬಿದ್ದವರ ಹಾಗೆ ಮುಖ ಮಾಡಿದ. "ಆ ಗಡಸು ನೀರು ಬ್ಯಾಡ್ರಿ ಸಾಹೇಬ್ರ. ಬರೇ ಸುಣ್ಣ, ಬರೇ ಕಲ್ಲು. ನಮ್ಮ ಬಾಯ್ಲರಿಗೆ ಬಿಡೂ ಮೆತ್ತನ್ನ ನೀರ ಬಿಡೂಣು. ಅದರಾಗ ಸುಣ್ಣದ ಸುಳಿವೂ ಇರೂದಿಲ್ಲ."

ಬಂಡೆಯ ನಾಡಿನ ನೀರಿನಲ್ಲಿ ಸುಣ್ಣದ ಅಂಶ ಬಹಳ. ಅದು ಬಾಯ್ಲರಿನ ಕೊಳವೆಗಳಲ್ಲಿ ಕಲ್ಲಿನ ಪದರಾಗಿ ಕೂತು ಪ್ರಾಣ ತಿನ್ನುತ್ತದೆ. ಅದನ್ನು ಸೋಸಿ ತೆಗೆದು ನೀರನ್ನು ಮೆತ್ತಗೆ ಮಾಡುವುದರಲ್ಲೇ ಅಮೃತಪ್ಪನ ಆಯುಷ್ಯ ಸವೆದಿತ್ತು. ಒಳ್ಳೆಯ ನೀರೆಂದರೆ ಅವನ ಮಟ್ಟಿಗೆ ಅದೇ. ಮನೆಗೆ ಬಂದ ನೆಂಟರಿಗೆ ಹಳಸಿದ್ದನ್ನು ಬಡಿಸುತ್ತೇವೆಯೇ? ಹೊಸ ಕೊಳಕ್ಕೂ ಅವನು ಮನೆಯ ಅತ್ಯುತ್ತಮವನ್ನೇ ಬಡಿಸಿದ. ಎಂಟು ದಿನ ಕೊಳವೆ ಹಾಕಿ ಬಾಯ್ಲರಿನ ನೀರು ತುಂಬಿಸಿದರು. ತುಂಬಿದ ದಿನ ಅದು ಎಷ್ಟು ತಿಳಿಯಾಗಿತ್ತೆಂದರೆ, ತಳದಲ್ಲಿ ಬಿದ್ದಿದ್ದ ಒಂದು ಮೊಳೆಯನ್ನು ಕಂಡು ಬಸವರಾಜ ಗುತ್ತಿಗೆದಾರನಿಗೆ ಬೈದ.

ಮೂರನೆಯ ದಿನ ನೀರು ಮಬ್ಬಾಯಿತು. ಐದನೆಯ ದಿನ ಬೆಳ್ಳಗಾಯಿತು.

ಅಮೃತಪ್ಪ ಹೆದರಲಿಲ್ಲ. ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಎರಡು ತೊಟ್ಟು ಪರೀಕ್ಷೆಯ ದ್ರಾವಣ ಬಿಟ್ಟ. ನೀರು ಚೆಂದದ ಗುಲಾಬಿ ಬಣ್ಣ ತಳೆಯಿತು. ಅವನ ಎದೆ ತಣ್ಣಗಾಯಿತು. ಬಾಯ್ಲರಿನ ನೀರು ಗುಲಾಬಿ ಬಣ್ಣಕ್ಕೆ ಬಂದರೆ ಎಲ್ಲ ಕ್ಷೇಮ ಎಂದು ಅರ್ಥ. ನೀರು ಕ್ಷಾರದ ಕಡೆಗಿದೆ, ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಮನೆಗೆ ಹೋಗಿ ನಿದ್ದೆ ಮಾಡಬಹುದು. ಮೂವತ್ತಮೂರು ವರ್ಷ ಗುಲಾಬಿ ಕಂಡು ನಿದ್ದೆ ಮಾಡಿದವನು ಈಗಲೂ ಹಾಗೆಯೇ ಮಾಡಿದ. ಬೆಳ್ಳಗಾದದ್ದಕ್ಕೆ ಪಟಿಕ ಹಾಕಿದ. ಒಂದು ದಿನ ತಿಳಿಯಾಯಿತು, ಮರುದಿನ ಮತ್ತೆ ಮಜ್ಜಿಗೆ. ಸೋಸುವ ಯಂತ್ರ ಹಗಲೆಲ್ಲ ಓಡಿಸಿದ. ಹೊಸ ಗಿಲಾವು, ಧೂಳು ಬಿಡುತ್ತದೆ ಎಂದುಕೊಂಡ. ಕಾಲೋನಿಯವರು ಸುಮ್ಮನಿರುತ್ತಾರೆಯೇ? ಬೆಳಿಗ್ಗೆ ಹಾಲಿನ ಪಾಕೀಟು ತರಲು ಹೋಗುವವರು "ಅಮೃತಪ್ಪನವರ, ಎಮ್ಮೀದೋ ಆಕಳದೋ?" ಎಂದು ಕೇಳತೊಡಗಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವನೂ ನಕ್ಕು ಮುಂದೆ ಹೋಗುತ್ತಿದ್ದ. ಒಳಗೆ ಮಾತ್ರ ನಗು ಇರಲಿಲ್ಲ.

ಜೂನ್ ಇಪ್ಪತ್ತೆರಡು, ಭಾನುವಾರ, ಉದ್ಘಾಟನೆ ಎಂದು ಗೊತ್ತಾಯಿತು. ದೊಡ್ಡ ಸಾಹೇಬರು ಬರುವವರು. ಅದೇ ಸಂಜೆ ಹೆಂಗಸರ ಮೊದಲ ಸರತಿ. ಲೆಕ್ಕ ಹಾಕಿದರೆ ಅಂಬವ್ವನಿಗೆ ಒಟ್ಟು ಎಂಟು ದಿನದ ಈಜು ಸಿಗುತ್ತಿತ್ತು. ಮೂವತ್ತೈದು ವರ್ಷಕ್ಕೆ ಎಂಟು ದಿನ. ಅಷ್ಟಾದರೂ ಸಿಗಲಿ ಎಂದು ಅಮೃತಪ್ಪ ಮನಸ್ಸಿನಲ್ಲಿ ದೇವರಿಗೆ ಕೈಮುಗಿಯುತ್ತಿದ್ದ.

ಉದ್ಘಾಟನೆಗೆ ಎರಡು ದಿನ ಉಳಿದಿತ್ತು. ಶುಕ್ರವಾರ ಬೆಳಿಗ್ಗೆ ಅಂಬವ್ವ ತಾನೇ ಕೊಳಕ್ಕೆ ಬಂದಳು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ, ಹೂವು, ಒಂದು ಕಾಯಿ.

"ಬಾಂವಿ ತೋಡಿದ್ರೂ ಗಂಗಿ ಪೂಜಾ ಮಾಡತೀವಿ. ಇಷ್ಟ ದೊಡ್ಡ ಹೊಂಡಕ್ಕ ಯಾರೂ ಒಂದು ಹೂವು ಏರಸಲಿಲ್ಲಲ್ರಿ. ಅದಕ್ಕ ಗಂಗವ್ವ ಸಿಟ್ಟಾಗ್ಯಾಳ," ಎಂದಳು.

ಅಮೃತಪ್ಪನಿಗೆ ವಾದಿಸುವ ತ್ರಾಣ ಇರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು, ಕೊಳದ ನೀರನ್ನೇ ತಂಬಿಗೆಯಲ್ಲಿ ತುಂಬಿಕೊಂಡು, ಅದಕ್ಕೆ ಒಂದು ಚಿಟಿಕೆ ಅರಿಶಿನ ಹಾಕಿ ಬೆರಳಾಡಿಸಿದಳು. ಆಮೇಲೆ ಬೆರಳು ಹಾಗೆಯೇ ನಿಂತಿತು.

"ನೋಡ್ರಿ ಇಲ್ಲಿ."

ತಂಬಿಗೆಯ ನೀರು ಕೆಂಪಾಗಿತ್ತು. ಮದುಮಗನಿಗೆ, ಬಾಣಂತಿಗೆ ದೃಷ್ಟಿ ತೆಗೆಯಲು ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುತ್ತಾರಲ್ಲ, ಆ ಆರತಿಯ ನೀರು ಅದು. ಯಾವ ಹೆಂಗಸಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ.

"ನಾ ಸುಣ್ಣ ಹಾಕಿಲ್ಲ. ನೀರಾಗ ಎಲ್ಲಿಂದ ಬಂತ್ರಿ ಸುಣ್ಣ?" ಎಂದಳು ಅಂಬವ್ವ. "ನೀವ ಹೇಳಿದ್ರಿ, ಇದರಾಗ ಸುಣ್ಣದ ಸುಳಿವೂ ಇಲ್ಲಂತ."

"ಹೊಸಾ ಗ್ವಾಡಿ ಅಲ್ಲೇನು. ನಾಕು ದಿನ ಬಿಡತೈತಿ."

"ನಾಕು ದಿನ ಅಲ್ರಿ, ಮೂರು ವಾರ ಆತು." ಅವಳು ಮೊಣಕೈವರೆಗೆ ನೀರಿಗೆ ಕೈ ಇಳಿಸಿ ಗೋಡೆಯ ಮೇಲೆ ಅಂಗೈ ಆಡಿಸಿದಳು. ಕೈ ಮೇಲೆತ್ತಿ ಅವನ ಮುಂದೆ ಹಿಡಿದಳು. ಅಂಗೈಯ ತುಂಬ ಬಿಳಿ ಹಿಟ್ಟು. "ಮುಟ್ಟಿ ನೋಡ್ರಿ. ಈಗ ಮುಳ್ಳು ಹೊಡಸಿದ ಬೀಸುಕಲ್ಲ ಆಗೇತಿ. ನಿಮ್ಮ ನೀರಿಗೆ ಹಸಿವಿ ಆಗೇತ್ರಿ. ಗ್ವಾಡಿ ತಿನ್ನಾಕತ್ತೈತಿ."

ಅಮೃತಪ್ಪ ಅಂಗಿಯ ತೋಳು ಮಡಚಿ ಗೋಡೆ ಮುಟ್ಟಿದ. ಗಾಜಿನಂತೆ ನುಣುಪಾಗಿದ್ದ ಗಿಲಾವು ಮರಳುಮರಳಾಗಿ ಬೆರಳಿಗೆ ಚುಚ್ಚಿತು. ಅವನಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಅರ್ಥವಾದದ್ದೇ ತಡ, ಅವಳ ಪಕ್ಕದಲ್ಲೇ ಕೂತುಬಿಟ್ಟ. ಬಾಯ್ಲರು ಕಬ್ಬಿಣದ್ದು. ಈ ಕೊಳ ಸಿಮೆಂಟಿನದು, ಎಂದರೆ ಸುಣ್ಣದ್ದು. ಸುಣ್ಣವನ್ನೇ ಕಿತ್ತುಕೊಂಡ ನೀರನ್ನು ತಂದು ಸುಣ್ಣದ ಮನೆಯಲ್ಲಿ ಇಟ್ಟರೆ ಅದು ಏನು ಮಾಡೀತು? ತನಗೆ ಇಲ್ಲದ್ದನ್ನು ಗೋಡೆಯಿಂದ ಕಿತ್ತು ತಿನ್ನುತ್ತದೆ. ತಿಂದದ್ದು ಹೆಚ್ಚಾಗಿ ಬೆಳ್ಳಗೆ ಕಾರಿಕೊಳ್ಳುತ್ತದೆ. ದಿನವೂ ಕಂಡು ಖುಷಿಪಟ್ಟ ಗುಲಾಬಿ ಬಣ್ಣ ಕ್ಷೇಮದ್ದಾಗಿರಲಿಲ್ಲ, ಗೋಡೆ ಕರಗುತ್ತಿರುವುದರ ಗುರುತಾಗಿತ್ತು. ಬೋರಿನ ಗಡಸು ನೀರನ್ನೇ ಬಿಟ್ಟಿದ್ದರೆ ಅದು ಹೊಟ್ಟೆ ತುಂಬಿದ ನೀರು, ಗೋಡೆಯ ತಂಟೆಗೆ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಯಾವ ನೀರನ್ನು ವೈರಿ ಎಂದು ದೂರವಿಟ್ಟನೋ ಅದೇ ಇಲ್ಲಿ ಬೇಕಾಗಿತ್ತು.

ಮಧ್ಯಾಹ್ನ ಅವನು ಬಸವರಾಜನ ಮುಂದೆ ನಿಂತು ಎಲ್ಲ ಹೇಳಿದ. ಅರ್ಧ ನೀರು ಹೊರಗೆ ಬಿಡಬೇಕು, ಉಳಿದದ್ದಕ್ಕೆ ದಿನಕ್ಕಿಷ್ಟು ಆ್ಯಸಿಡ್ ಕೊಟ್ಟು ಕ್ಷಾರ ಇಳಿಸಬೇಕು, ಮೇಲೆ ಬೋರಿನ ನೀರು ತುಂಬಬೇಕು. ಬೋರು ಕಾಲೋನಿಯ ಮನೆಗಳಿಗೂ ಬೇಕು, ಕೊಳಕ್ಕೆ ಬೆಳಿಗ್ಗೆ ಎರಡು ತಾಸು ಸಿಕ್ಕರೆ ಹೆಚ್ಚು. ತುಂಬಲು ಜುಲೈ ಅರ್ಧವಾಗುತ್ತದೆ.

ಬಸವರಾಜ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಈಗ ಬರೇ ಆ್ಯಸಿಡ್ ಹಾಕಿದ್ರ ಭಾನುವಾರಕ್ಕ ತಿಳಿ ಆಗತೈತೇನ್ರಿ?"

"ಆಗತೈತ್ರಿ. ಆದ್ರ ಗ್ವಾಡಿ ತಿನ್ನೂದು ನಿಲ್ಲೂದಿಲ್ಲ."

"ಮತ್ತ ಹಾಕ್ರಿ ಕಾಕಾ. ಉದ್ಘಾಟನಾ ಮುಗೀಲಿ. ನೀವೂ ಮೂವತ್ತಕ್ಕ ಹೊಂಟ್ರಿ. ಆಮ್ಯಾಲಿಂದು ಆಮ್ಯಾಲ ನೋಡೂಣು. ಕಾಕುಗೂ ಮಾತು ಕೊಟ್ಟೀರಂತ, ಕೇಳೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು. ಅದರಲ್ಲಿ ಕೆಟ್ಟತನ ಇರಲಿಲ್ಲ. ಅಮೃತಪ್ಪ ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದು ಚಾಪೆಯ ಮೇಲೆ ಒರಗಿದ. ಮಿರಗದ ಮಳೆ ಈ ಸಲ ತಡ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅರೆನಿದ್ದೆಯಲ್ಲಿ ಅವನಿಗೆ ನೀರು ಕಂಡಿತು. ತಿಳಿನೀಲಿ, ಎಂಟು ದಿನದ ನೀರು. ಅದು ಒಂದು ಮಾತೂ ಆಡದೆ ಗೋಡೆಯನ್ನು ನೆಕ್ಕುತ್ತಿತ್ತು. ಗೋಡೆ ಕಾಗದದಷ್ಟು ತೆಳ್ಳಗಾಗಿ ಆಚೆಯ ಬೇವಿನ ಮರಗಳು ಕಾಣುತ್ತಿದ್ದವು. ಕಾಲೋನಿಯ ಮಕ್ಕಳು ನೀರಿನಿಂದ ಮೇಲೆ ಬಂದು ತರಚಿದ ಮೊಳಕಾಲು ತೋರಿಸಿದವು, ಒಂದೂ ಅಳಲಿಲ್ಲ. ಅವನು ಬೆವರಿ ಎದ್ದ.

ಒಂದು ಸಲ ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗೋಡೆ ಹಾಳಾಗುವ ಹೊತ್ತಿಗೆ ತಾನು ಮೆಹದಿಪಟ್ಟಣಂನಲ್ಲಿ ನಳದ ನೀರಿಗೆ ಕಾಯುತ್ತಿರುತ್ತೇನೆ. ಅಂಬವ್ವ ಎಂಟು ದಿನ ಈಜಿರುತ್ತಾಳೆ. ಆಸೆ ಅವನನ್ನು ಗಟ್ಟಿಯಾಗಿಯೇ ಹಿಡಿದಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ನೀರನ್ನು ಕೆಡಿಸಿ ಹೋದ ಎಂದು ಅನ್ನಿಸಿಕೊಂಡು ಬದುಕುವುದು ಅವನಿಗೆ ಆಗದ ಕೆಲಸ. ಅನ್ನುವವರು ಬೇರೆ ಯಾರೂ ಬೇಕಾಗಿರಲಿಲ್ಲ, ಅವನೇ ಸಾಕಾಗಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಹೇಳಿದ್ದು ಕೆಟ್ಟ ಗುಣಕ್ಕಷ್ಟೇ ಅಲ್ಲ.

ಸಂಜೆ ಹೋಗಿ, "ತಪ್ಪು ನಂದು ಸಾಹೇಬ್ರ. ಬರದು ಕೊಡ್ತೀನಿ. ಅರ್ಧಾ ನೀರು ಬಿಡಸ್ರಿ," ಎಂದ. ಬಸವರಾಜ ಅವನನ್ನು ನೋಡಿ, ಮತ್ತೆ ಕೇಳದೆ, ಫೋನು ಎತ್ತಿ ಉದ್ಘಾಟನೆ ಮುಂದೂಡಿದ.

ಅಂಬವ್ವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೇಳಿ ಮುಗಿಯುವವರೆಗೆ ಬಡಿತ ತಪ್ಪಲಿಲ್ಲ. "ಆತು ಬಿಡ್ರಿ," ಅಂದಳು. ಊಟವಾದ ಮೇಲೆ ಸೀರೆ ಮಡಚಿ ಟ್ರಂಕಿನ ತಳಕ್ಕೆ ಇಟ್ಟಳು. ಜಗಳವಾಡಿದ್ದರೆ ಅಮೃತಪ್ಪನಿಗೆ ಹಗುರವಾಗುತ್ತಿತ್ತು. ಜಗಳವಾಡದ ಹೆಂಡತಿಗಿಂತ ದೊಡ್ಡ ಶಿಕ್ಷೆ ಗಂಡಸಿಗೆ ಇಲ್ಲ.

ಶನಿವಾರ, ಭಾನುವಾರ ಎರಡು ದಿನ ಅರ್ಧ ಕೊಳ ಬೇವಿನ ಮರಗಳ ಬುಡಕ್ಕೆ ಹರಿಯಿತು. ಆಮೇಲೆ ಅಮೃತಪ್ಪ ದಿನಾ ಬೆಳಿಗ್ಗೆ ಬಂದು, ಜೀವಮಾನದಲ್ಲಿ ಮುಟ್ಟಲು ಹೆದರಿದ ಆ್ಯಸಿಡ್ಡನ್ನು ಬಕೆಟ್ಟಿನ ನೀರಿಗೆ ಬೆರೆಸಿ, ನಾಲ್ಕು ಮೂಲೆಗೂ ನಿಧಾನಕ್ಕೆ ಸುರಿದ. ಉದ್ದನೆಯ ಕುಂಚದಿಂದ ಗೋಡೆ ಉಜ್ಜಿದ. ಎರಡು ತಾಸು ಬೋರಿನ ನೀರು ಬೀಳುತ್ತಿತ್ತು, ದಿನಕ್ಕೆ ನಾಲ್ಕು ಬೆರಳು ಏರುತ್ತಿತ್ತು. ಯಾರೂ ನೋಡಲು ಬರುತ್ತಿರಲಿಲ್ಲ. ಅರ್ಧ ತುಂಬಿದ ಕೊಳ ಯಾರಿಗೆ ಬೇಕು? ಕಟ್ಟಿ ಮುಗಿಯದ ಮನೆಯಂತೆ ಅದು ಬಿದ್ದಿತ್ತು. ನಳಿಕೆಯಲ್ಲಿ ಗುಲಾಬಿ ದಿನದಿನಕ್ಕೆ ತೆಳುವಾಯಿತು. ಮನೆಯಲ್ಲಿ ಅಂಬವ್ವ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದಳು.

ಮೂವತ್ತನೆಯ ತಾರೀಖು ಸೋಮವಾರ. ಲಾರಿ ಎಂಟಕ್ಕೆ ಬರುವುದಿತ್ತು. ಅಮೃತಪ್ಪ ಕೊನೆಯ ಪರೀಕ್ಷೆಗೆಂದು ಆರಕ್ಕೇ ಕೊಳಕ್ಕೆ ಹೋದ. ನೀರು ಹಿಡಿದು ಎರಡು ತೊಟ್ಟು ಬಿಟ್ಟ. ಬಣ್ಣ ಬರಲಿಲ್ಲ. ಮತ್ತೊಂದು ತೊಟ್ಟು ಬಿಟ್ಟ. ನಳಿಕೆಯಲ್ಲಿ ನೀರು ನೀರಿನಂತೆಯೇ ನಿಂತಿತ್ತು. ಗಡಸುತನ ನೋಡಿದ, ಕ್ಲೋರಿನ್ ನೋಡಿದ, ಎಲ್ಲ ಹದ. ಗೋಡೆಗೆ ಕೈ ಹಚ್ಚಿದ, ಹಿಟ್ಟು ಬರಲಿಲ್ಲ. ಆಗ ತಲೆ ಎತ್ತಿ ನೋಡಿದ. ಈಚೆ ತುದಿಯಲ್ಲಿ ನೀರು ಮೊಳಕಾಲುದ್ದ. ಇಳಿಜಾರಿನ ಗುಂಟ ಹೋಗಿ ಆಚೆ ತುದಿಯಲ್ಲಿ ಆಳು ಮುಳುಗುವಷ್ಟು. ಬೆಳಗಿನ ಬಿಸಿಲು ತಳದವರೆಗೂ ಇಳಿದು ಅಲ್ಲಾಡುತ್ತಿತ್ತು. ತಾನು ಎಚ್ಚರಿದ್ದೇನೆಯೋ ಇಲ್ಲವೋ ಎಂದು ಒಂದು ಕ್ಷಣ ಅವನಿಗೆ ಗೊತ್ತಾಗಲಿಲ್ಲ.

ಅವನು ಮನೆಗೆ ಓಡುತ್ತಲೇ ಹೋದ. "ಟ್ರಂಕ್ ಬಿಚ್ಚು."

"ಈಗ ಹಗ್ಗಾ ಕಟ್ಟೇನ್ರಿ."

"ಬಿಚ್ಚಂದ್ರ ಬಿಚ್ಚು. ಆ ಸೀರಿ ತಗೊಂಡು ಬಾ. ಅರ್ಧಾ ಐತಿ, ಆದ್ರ ಹದಾ ಐತಿ."

ಅಂಬವ್ವ ಕಚ್ಚೆ ಬಿಗಿದು ಮೆಟ್ಟಿಲ ಕೊನೆಯಲ್ಲಿ ನಿಂತಳು. ಐವತ್ತೊಂದರ ಹೆಂಗಸು, ಮೊಳಕಾಲು ನೋವಿನವಳು. ಹಾರಲಿಲ್ಲ, ಧುಮುಕಲಿಲ್ಲ. ಮೊಳಕಾಲುದ್ದ ನೀರಿನಲ್ಲಿ ಮೆಲ್ಲಗೆ ನಡೆಯುತ್ತ ಹೋದಳು. ನೀರು ತೊಡೆಗೆ ಬಂತು, ನಡುವಿಗೆ ಬಂತು. ಎದೆಗೆ ಬಂದಾಗ ಹೆಜ್ಜೆ ನಿಂತು ಕೈಗಳು ತಾವಾಗಿಯೇ ತೆರೆದುಕೊಂಡವು. ಮೂವತ್ತೈದು ವರ್ಷ ಎಲ್ಲಿ ಹೋಗಿದ್ದವೋ ಆ ಕೈಗಳು. ಆಚೆ ಗೋಡೆ ಮುಟ್ಟಿ ತಿರುಗಿದಾಗ ಅವಳ ಮುಖ ನೋಡಿ ಅಮೃತಪ್ಪನಿಗೆ ಅಳು ಬಂತು. ಅವನು ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಪೂರಾ ತುಂಬಿದ್ದರ ಚಂದ ಇರ್ತಿತ್ತು," ಎಂದ ಅವನು, ಕ್ಷಮೆ ಕೇಳುವವನ ಹಾಗೆ. "ನಿನಗ ತುಂಬಿದ ನೀರು ಕೊಡಬೇಕಂತಿದ್ದೆ."

ಅಂಬವ್ವ ನೀರಿನಲ್ಲಿ ನಿಂತಲ್ಲೇ ಕಾಲಾಡಿಸುತ್ತ ನಕ್ಕಳು. "ತುಂಬಿದ ಹೊಳ್ಯಾಗ ಹೆಣ್ಣಹುಡುಗ್ಯಾರನ್ನ ಯಾರ ಬಿಡತಿದ್ರು? ನಾವು ಈಸತಿದ್ದದ್ದು ಬ್ಯಾಸಗ್ಯಾಗ, ಹೊಳಿ ಅರ್ಧಾ ಆದಮ್ಯಾಲ. ಉಸುಕಿನ ಮ್ಯಾಲಿಂದ ಹಿಂಗ ನಡಕೋತ ಹೋಗೂದು, ಎದಿಮಟ ಬಂತಂದ್ರ ಕೈ ಬಿಡೂದು. ತುಂಬಿದ ನೀರು ನಾ ಒಂದಿನಾನೂ ಈಸಿಲ್ರಿ. ನಾ ಬಲ್ಲ ಹೊಳಿ ಇಷ್ಟ."

ಅಷ್ಟರಲ್ಲಿ ಕರೆಂಟು ಬಂದು ಬೋರಿನ ಪಂಪು ಗುರ್ ಎಂದಿತು. ದಪ್ಪ ಕೊಳವೆಯಿಂದ ನೀರು ದಬದಬ ಬೀಳತೊಡಗಿ ಕೊಳದ ನೀರೆಲ್ಲ ಕಲಕಿತು. ಅವನು ಎದ್ದು ಹೋಗಿ ವಾಲ್ವು ತಿರುಗಿಸಿ ಬಂದ್ ಮಾಡಿದ. ಇವತ್ತಿನ ನಾಲ್ಕು ಬೆರಳು ನೀರು ನಾಳೆ ಬರಲಿ.

ಅಲೆ ನಿಂತಿತು. ಅಂಬವ್ವ ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಸೀರೆಯ ಸೆರಗು ಒಂದು ಕಡೆ, ಬಿಚ್ಚಿದ ತುರುಬು ಒಂದು ಕಡೆ ತೇಲುತ್ತಿತ್ತು. ಗೇಟಿನ ಆಚೆ ಲಾರಿಯ ಹಾರ್ನು ಕೇಳಿಸಿತು.

"ಲಾರಿ ಬಂತು," ಎಂದ ಅಮೃತಪ್ಪ. ಅವಳ ಕಿವಿಗಳು ನೀರೊಳಗಿದ್ದವು, ಕೇಳಿಸಲಿಲ್ಲ. ಅವನು ಎರಡನೆಯ ಸಲ ಹೇಳಲಿಲ್ಲ.